ಹೆಸರಘಟ್ಟದ ಬಯಲು ಮತ್ತು ಮೈಸೂರು ಸೀಮೆಯ ಕಾವಲುಗಳು



ಯಲಹಂಕದಿಂದ ಪಶ್ಚಿಮಕ್ಕೆ ಸಾಗಿದರೆ ಹೆಸರಘಟ್ಟದ ಬಯಲು ತೋರುತ್ತದೆ. ಮರಗಳು ವಿರಳ, ಮಳೆಗಾಲದಲ್ಲಿ ಹಸುರು, ಮಾಗಿ ಕಳೆದ ಮೇಲೆ ಬರಿಯ ಕರಡ. ಬೇಸಿಗೆಯಲ್ಲಿ ಕಂಡವರು ಇದನ್ನು ಬಂಜರೆನ್ನುವರು. ಇಂಥ ನೆಲಗಳಿಗೆ ಒದಗಿದ ಹಾನಿಯೆಲ್ಲಕ್ಕೂ ಈ ಒಂದು ಮಾತೇ ಮೂಲ.

ಹಿಂದೆ ಮೈಸೂರು ಸೀಮೆಯಲ್ಲಿ ಒಳ್ಳೆಯ ಹುಲ್ಲಿನ ನೆಲಕ್ಕೆ ಕಾವಲು ಎಂಬ ಹೆಸರಿತ್ತು; ಹೆಸರಿಗೆ ತಕ್ಕಂತೆ ಅದನ್ನು ಕಾಯುತ್ತಲೂ ಇದ್ದರು. ಚಿಕ್ಕದೇವರಾಜ ಒಡೆಯರವರ ಆಳ್ವಿಕೆಯಲ್ಲಿ (1673-1704) ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿಯು ಏರ್ಪಟ್ಟಿತು. ಟಿಪ್ಪು ಸುಲ್ತಾನನು ಅದನ್ನು ಅಮೃತ ಮಹಲ್ ಎಂದು ಕರೆದನು. ಅದರ ಎತ್ತುಗಳು ಫಿರಂಗಿಗಳನ್ನೆಳೆದು ಹೆಸರು ಪಡೆದವು. ಕಾವಲುಗಳನ್ನು ಮಳೆಗಾಲ, ಚಳಿಗಾಲ, ಬೇಸಿಗೆ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ನೀರೂ ನೆರಳೂ ಉಳ್ಳ ಕೆರೆಯಂಗಳದಂಥ ಸ್ಥಳಗಳನ್ನು ಬೇಸಿಗೆಗೆಂದು ಮೀಸಲಿಡುವರು. ಒಂದು ಕಡೆ ದನ ಮೇಯುತ್ತಿರುವಾಗ ಮತ್ತೊಂದು ಕಡೆ ಹುಲ್ಲು ಬಲಿತು ಬೀಜ ಉದುರಿಸುತ್ತಿತ್ತು. ಹುಲ್ಲಿಗೂ ಬಿಡುವು ಬೇಕೆಂಬುದನ್ನು ಆ ಕಾಲದ ದನಗಾಹಿಗಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

1860ರಲ್ಲಿ ಬ್ರಿಟಿಷ್ ಅಧಿಕಾರಿಗಳು ಖರ್ಚು ಉಳಿಸಲೆಂದು ಹಿಂಡುಗಳನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ತಪ್ಪು ತಿಳಿದು ಪುನಃ ಹಿಂಡು ಕೂಡಿಸಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರದ ಕೈಸೇರಿತು. ಮಾರಿದ ದನವನ್ನು ಮತ್ತೆ ಕೊಳ್ಳಬಹುದು. ಉತ್ತುಹಾಕಿದ ಕಾವಲು ಅಷ್ಟು ಸುಲಭವಾಗಿ ಹಿಂದಿರುಗದು. ಮುಂದೆ ಕಾವಲುಗಳ ಬಹುಭಾಗವು ಸಾಗುವಳಿಗೂ ನೆಡುತೋಪುಗಳಿಗೂ ಹೋಯಿತು. ಸಸಿ ನೆಡುವುದು ಪುಣ್ಯಕಾರ್ಯವೇ ಸರಿ. ಆದರೆ ಹುಲ್ಲಿನ ಬಯಲಿನಲ್ಲಿ ನೀಲಗಿರಿ ತೋಪು ಎಬ್ಬಿಸುವುದನ್ನು ಪುಣ್ಯವೆನ್ನಲಾಗದು.

ಹೆಸರಘಟ್ಟದಲ್ಲಿ ದನಕ್ಕಿಂತಲೂ ಹೆಚ್ಚಿನ ಒಂದು ವಿಷಯವುಂಟು. ನಂದಿಬೆಟ್ಟದ ಕಡೆಯಿಂದ ಹರಿದುಬರುವ ಅರ್ಕಾವತಿಗೆ 1894ರಲ್ಲಿ ಇಲ್ಲಿ ಜಲಾಶಯವನ್ನು ಕಟ್ಟಿ, ಬೆಂಗಳೂರು ನಗರಕ್ಕೆ ಕೊಳಾಯಿ ನೀರನ್ನು ಒದಗಿಸಿದರು. ಹುಲ್ಲಿನ ಬೇರು ಮಣ್ಣನ್ನು ಹಿಡಿದು ಮಳೆಯ ನೀರನ್ನು ಇಂಗಿಸುತ್ತದೆ. ಹುಲ್ಲು ಹೋದ ನೆಲದ ಮಣ್ಣು ಹೂಳಾಗಿ ಕೆರೆಗೆ ಇಳಿಯುತ್ತದೆ. ಚಳಿಗಾಲದಲ್ಲಿ ದೂರದೇಶಗಳಿಂದ ಬರುವ ಗಿಡುಗ ಜಾತಿಯ ಹಕ್ಕಿಗಳು ಈ ಬಯಲಿನ ಮಿಡತೆ ಇಲಿಗಳನ್ನು ತಿನ್ನುವುದೂ ಸುತ್ತಲಿನ ಹೊಲಗಳಿಗೆ ಉಪಕಾರವೇ.

2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಇಲ್ಲಿನ 5,000 ಎಕರೆಗೂ ಮಿಕ್ಕ ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಇದರಿಂದ ಪಟ್ಟಾ ಜಮೀನು ಕೈಬಿಡುವುದೆಂಬ ಭಯವು ಕೆಲವು ಗ್ರಾಮಗಳಲ್ಲಿದೆ. ಕಾಯಿದೆಯಂತೆ ಈ ಬಗೆಯ ಮೀಸಲನ್ನು ಸರ್ಕಾರದ ನೆಲದಲ್ಲಿ ಮಾತ್ರವೇ, ಸ್ಥಳೀಯರೊಡನೆ ಸಮಾಲೋಚಿಸಿದ ಮೇಲೆ ಘೋಷಿಸತಕ್ಕದ್ದು. ಅದರ ಆಡಳಿತಕ್ಕೆ ಸಲಹೆ ನೀಡುವ ಸಮಿತಿಯಲ್ಲಿ, ಮೀಸಲು ಹಬ್ಬಿರುವ ಪ್ರತಿಯೊಂದು ಗ್ರಾಮ ಪಂಚಾಯಿತಿಗೂ ಒಬ್ಬ ಪ್ರತಿನಿಧಿಯ ಸ್ಥಾನವುಂಟು. ಯಾವ ತಿಂಗಳಲ್ಲಿ ಎಲ್ಲಿ ಮೇಯಿಸಬೇಕು, ಎಲ್ಲಿ ಬಿಡುವು ಕೊಡಬೇಕು ಎಂಬ ಹಳೆಯ ಕಾವಲಿನ ಲೆಕ್ಕವನ್ನು ಗ್ರಾಮದ ಮುಖಂಡರು ಆ ಸಮಿತಿಯ ಮುಂದಿಡಬಹುದು.