ಮಾವನ ಪಕ್ಕದಲ್ಲಿ ನಿಂತ ಸೋದರಳಿಯ
(ಜನವರಿ 16, ಸಂತ ಜೋಸೆಫ್ ವಾಜ್‌ರವರ ಹಬ್ಬದ ಪ್ರಬೋಧನೆ)



ಧರ್ಮೋಪದೇಶದ ತರಗತಿಯಲ್ಲಿ "ನಿಮ್ಮ ಹೀರೋ ಯಾರು?" ಎಂದು ಕೇಳಿದರೆ ಸಿನಿಮಾ ನಟರ, ಕ್ರಿಕೆಟ್ ಆಟಗಾರರ ಹೆಸರುಗಳು ಥಟ್ಟನೆ ಬರುತ್ತವೆ. ಎಲ್ಲೋ ಒಂದು ಮಗು ಮಾತ್ರ "ನಮ್ಮ ಸೋದರಮಾವ", "ನಮ್ಮ ದೊಡ್ಡಮ್ಮ" ಎನ್ನುತ್ತದೆ. ಆ ಉತ್ತರ ಕೇಳಿದರೆ ನನಗೆ ಬಹಳ ಸಂತೋಷ. ಪರದೆಯ ಮೇಲಿನ ಹೀರೋವಿನ ಗೆಲುವನ್ನಷ್ಟೇ ನಾವು ಕಾಣುತ್ತೇವೆ. ಮನೆಯ ಹಿರಿಯರ ಸಿಟ್ಟು, ದಣಿವು, ಕಾಯಿಲೆ ಎಲ್ಲವನ್ನೂ ಕಂಡಿರುತ್ತೇವೆ. ಅಷ್ಟೆಲ್ಲ ಕಂಡ ಮೇಲೂ ಅವರನ್ನು ಮೆಚ್ಚುತ್ತೇವೆಂದರೆ ಆ ಮೆಚ್ಚುಗೆ ಗಟ್ಟಿಯಾದದ್ದು.

ಇಂದು ನಾವು ಸ್ಮರಿಸುತ್ತಿರುವ ಸಂತ ಜೋಸೆಫ್ ವಾಜ್‌ರವರನ್ನು ಹಾಗೆ ಹತ್ತಿರದಿಂದ ಕಂಡ ಒಬ್ಬ ಸೋದರಳಿಯ ಇದ್ದರು.

ಜೋಸೆಫ್ ವಾಜ್ ಹುಟ್ಟಿದ್ದು 1651ರಲ್ಲಿ, ಗೋವೆಯಲ್ಲಿ. 1676ರಲ್ಲಿ ಗುರುದೀಕ್ಷೆ ಪಡೆದರು. 1681ರಿಂದ 1684ರವರೆಗೆ ನಮ್ಮ ಕನ್ನಡ ಕರಾವಳಿಯಲ್ಲೇ ಸೇವೆ ಸಲ್ಲಿಸಿದರು. ಮಂಗಳೂರು, ಬಸ್ರೂರು, ಗಂಗೊಳ್ಳಿಯ ಕಡೆಯ ನಮ್ಮ ಪೂರ್ವಿಕರು ಅವರ ಕೈಯಿಂದ ಸಂಸ್ಕಾರಗಳನ್ನು ಪಡೆದರು. ಆದರೆ ಅವರ ಮನಸ್ಸು ಸಿಂಹಳದ ಕಡೆಗಿತ್ತು. ಅಲ್ಲಿನ ಕರಾವಳಿಯಲ್ಲಿ ಡಚ್ಚರ ಆಳ್ವಿಕೆ. ಕಥೋಲಿಕ ಗುರುಗಳಿಗೆ ಪ್ರವೇಶವಿಲ್ಲ, ಬಹಿರಂಗ ಪೂಜೆಗೆ ಅವಕಾಶವಿಲ್ಲ. ವರ್ಷಗಟ್ಟಲೆ ಬಲಿಪೂಜೆಯನ್ನೇ ಕಾಣದ ಕುಟುಂಬಗಳು ಅಲ್ಲಿದ್ದವು.

1687ರಲ್ಲಿ ವಾಜ್‌ರವರು ಕೂಲಿಯಾಳಿನ ವೇಷದಲ್ಲಿ ಜಾಫ್ನಾ ತಲುಪಿದರು. ಜೊತೆಗಿದ್ದುದು ಜಾನ್ ಎಂಬ ನಂಬಿಕಸ್ಥ ಸೇವಕ ಮಾತ್ರ. ಅಲ್ಲಿ ಆಮಶಂಕೆಯಿಂದ ಸಾವಿನ ದವಡೆಗೆ ಹೋಗಿ ಬಂದರು. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಮುಖ ಅರಳುತ್ತದೋ ಅವರು ನಮ್ಮವರು ಎಂದು ಗುರುತಿಸಿದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಮನೆಗೆ ಹಾಕಿದರು. ಅವರು ಸೆರೆಮನೆಯಲ್ಲೂ ಪೂಜೆ ನಡೆಸಿದರು.

ಮುಂದೆ ಗೋವೆಯಿಂದ ಇತರ ಗುರುಗಳೂ ಬಂದು ಅವರನ್ನು ಸೇರಿಕೊಂಡರು. ಹೀಗೆ ಬಂದು ಅವರೊಡನೆ ದುಡಿದವರಲ್ಲಿ ಅವರ ಸೋದರಳಿಯನೂ ಒಬ್ಬರು, ಗುರುಗಳು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಸಿಡುಬಿಗೆ ಲಸಿಕೆ ಬಂದದ್ದು 1796ರಲ್ಲಿ. ಆಗ ಇನ್ನೂ 99 ವರ್ಷ ಬಾಕಿ. ಗಟ್ಟಿಮುಟ್ಟಾದವರು ಊರು ಬಿಟ್ಟರು, ರೋಗಿಗಳು ಅನಾಥರಾದರು. ಆಗ ಮಾವ, ಸೋದರಳಿಯ ಇಬ್ಬರೂ ಅಲ್ಲೇ ನಿಂತರು. ಜಾತಿ ಮತ ಕೇಳದೆ ರೋಗಿಗಳ ಆರೈಕೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು.

ಪ್ರಿಯರೇ, ನಿಜವಾದ ಮೆಚ್ಚುಗೆ ಎಂದರೆ ಇದು. "ನಮ್ಮ ಮಾವ ಎಂಥ ಧೈರ್ಯಶಾಲಿ!" ಎಂದು ಗೋವೆಯಲ್ಲೇ ಕುಳಿತು ಹೆಮ್ಮೆಪಡುವುದು ಸುಲಭವಿತ್ತು. ಆ ಸೋದರಳಿಯ ಬಂದು ಮಾವನ ಪಕ್ಕದಲ್ಲಿ ನಿಂತರು, ಅವರು ಮುಟ್ಟಿದ ರೋಗಿಯನ್ನು ತಾವೂ ಮುಟ್ಟಿದರು.

ಇಲ್ಲಿ ನಮಗೆಲ್ಲ ಒಂದು ಕಷ್ಟದ ಪ್ರಶ್ನೆಯಿದೆ. ಪೀಠದ ಮೇಲಿನ ಸಂತರ ಸಾಹಸ ನಮಗೆ ಇಷ್ಟ. ಅದೇ ಸಾಹಸಕ್ಕೆ ನಮ್ಮ ಮನೆಯ ಮಗ ಹೊರಟರೆ? 2020 ಮತ್ತು 2021ರ ಕೊರೊನಾ ಕಾಲವನ್ನು ನೆನಪಿಸಿಕೊಳ್ಳಿ. ಮುಟ್ಟಲು ಯಾರೂ ಮುಂದೆ ಬಾರದ ಶವಗಳನ್ನು ನಮ್ಮ ನಾಡಿನ ಯುವಕರು ಮಣ್ಣು ಮಾಡಿದರು. ನಾವು ಅವರನ್ನು ಹೊಗಳಿದೆವು. ಆದರೆ "ಅಮ್ಮಾ, ನಾನೂ ಹೋಗಲಾ?" ಎಂದು ನಮ್ಮ ಮಗನೇ ಕೇಳಿದಾಗ ಎಷ್ಟು ಮನೆಗಳಲ್ಲಿ ಬಾಗಿಲು ಮುಚ್ಚಿತು! ತಾಯಿಯ ಭಯ ಪಾಪವಲ್ಲ. ಆದರೆ ಆ ಭಯ ನಮ್ಮ ಮಕ್ಕಳ ಪ್ರೀತಿಯನ್ನು ಸಣ್ಣದು ಮಾಡಬಾರದು.

ಹಿರಿಯರಿಗೂ ಒಂದು ಮಾತು. ಬಾರ್ನಬ ಮತ್ತು ಮಾರ್ಕ ಸೋದರ ಸಂಬಂಧಿಗಳು. ಮೊದಲ ಧರ್ಮಪ್ರಚಾರ ಯಾತ್ರೆಯಲ್ಲಿ ಮಾರ್ಕ ಅರ್ಧ ದಾರಿಯಲ್ಲೇ ಹಿಂದಿರುಗಿದ. ಪೌಲ ಮತ್ತೆ ಅವನನ್ನು ಕರೆದೊಯ್ಯಲು ಒಪ್ಪಲಿಲ್ಲ. ಬಾರ್ನಬ ಮಾತ್ರ ಅವನ ಕೈಬಿಡದೆ ಸೈಪ್ರಸ್‌ಗೆ ಕರೆದೊಯ್ದ. ಧರ್ಮಸಭೆಯ ಪರಂಪರೆ ಶುಭಸಂದೇಶಕಾರನೆಂದು ಗೌರವಿಸುವುದು ಇದೇ ಮಾರ್ಕನನ್ನು. ಒಮ್ಮೆ ಹೆದರಿದ ಹುಡುಗನನ್ನು ಹಂಗಿಸಬೇಡಿ. ಇನ್ನೊಮ್ಮೆ ಜೊತೆಗೆ ಕರೆದುಕೊಂಡು ಹೋಗಿ.

ಮಕ್ಕಳೇ, ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದಾರೆ. ಹದಿನಾರರ ಪ್ರಾಯದಲ್ಲಿ ಒಂದು ಕೈಚೀಲ ಹಿಡಿದು ಮುಂಬಯಿಗೆ ಹೋಗಿ, ದುಡಿದು ತಂಗಿಯರ ಮದುವೆ ಮಾಡಿದ ಅಜ್ಜ ಇರಬಹುದು. ಭಾಷೆ ತಿಳಿಯದ ದೇಶದಲ್ಲಿ ನರ್ಸ್ ಆಗಿ ದುಡಿದು ತಮ್ಮಂದಿರನ್ನು ಓದಿಸಿದ ಅತ್ತೆ ಇರಬಹುದು. ಅವರು ಈಗ ಜಗಲಿಯ ಮೂಲೆಯಲ್ಲಿ ಮೌನವಾಗಿ ಕುಳಿತಿದ್ದಾರೆ, ಏಕೆಂದರೆ ಯಾರೂ ಕೇಳುವುದಿಲ್ಲ. ಅವರು ಕಣ್ಣು ಮುಚ್ಚಿದ ಮೇಲೆ ಫೋಟೋಗೆ ಹಾರ ಹಾಕುತ್ತೇವೆ. ಕಥೆ ಅವರೊಂದಿಗೇ ಸಮಾಧಿ ಸೇರಿರುತ್ತದೆ.

ಆದ್ದರಿಂದ ಇಂದು ಹಬ್ಬದ ಊಟವಾದ ಮೇಲೆ ಟಿವಿ ಹಾಕಬೇಡಿ. ಅವರ ಹತ್ತಿರ ಕುಳಿತು ಕೇಳಿ: "ನೀವು ಅಷ್ಟು ದೂರ ಹೋದಾಗ ಭಯವಾಗಲಿಲ್ಲವೇ? ಆಗ ಯಾರಿಗಾಗಿ ಹೋದಿರಿ?" ಎರಡನೆಯ ಪ್ರಶ್ನೆಯನ್ನು ಮರೆಯಬೇಡಿ. ಸುಮ್ಮನೆ ಅಪಾಯಕ್ಕೆ ಹಾರುವವನನ್ನು ಹುಡುಗರು ಹೀರೋ ಎನ್ನಬಹುದು. ಇನ್ನೊಬ್ಬರಿಗಾಗಿ ಹೊರಟವನನ್ನೇ ಧರ್ಮಸಭೆ ಸಂತನೆಂದು ಕರೆಯುತ್ತದೆ.

ವಾಜ್‌ರವರು 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಕಣ್ಣು ಮುಚ್ಚಿದರು. ತಾಯ್ನಾಡಿಗೆ ಮರಳಲೇ ಇಲ್ಲ. 2015ರ ಜನವರಿ 14ರಂದು ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಅವರನ್ನು ಸಂತರೆಂದು ಘೋಷಿಸಿದರು. ಆ ಸೋದರಳಿಯನ ಹೆಸರಿನಲ್ಲಿ ಹಬ್ಬವಿಲ್ಲ. ಆದರೂ ಸಿಡುಬಿನ ರೋಗಿಗಳ ನಡುವೆ ಮಾವನೊಂದಿಗೆ ನಿಂತ ಆ ದಿನಗಳನ್ನು ದೇವರು ಮರೆತಿಲ್ಲ.

ನಮ್ಮ ಮನೆಯ ಹಿರಿಯರ ಧೈರ್ಯವನ್ನು ಗುರುತಿಸುವ ಕಣ್ಣನ್ನೂ, ಅವರ ಪಕ್ಕದಲ್ಲಿ ನಿಲ್ಲುವ ಕಾಲ್ಬಲವನ್ನೂ ಪ್ರಭು ಯೇಸುಕ್ರಿಸ್ತರು ನಮಗೆ ದಯಪಾಲಿಸಲಿ. ಸಂತ ಜೋಸೆಫ್ ವಾಜ್‌ರವರೇ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.