ಬರಡು ನೆಲ ಬರಿದಲ್ಲ



ಒಣಗಿದ ಭೂಮಿ ಮಳೆಗೆ ಜೀವ ತಳೆಯುವುದನ್ನು ಪವಿತ್ರ ಕುರ್‌ಆನ್ ಪುನರುತ್ಥಾನದ ಪುರಾವೆಯಾಗಿ ಮುಂದಿಡುತ್ತದೆ. ಸೂರಃ ಅಲ್ ಹಜ್ಜ್‌ನ 5ನೇ ಸೂಕ್ತವನ್ನೂ ಸೂರಃ ಫುಸ್ಸಿಲತ್‌ನ 39ನೇ ಸೂಕ್ತವನ್ನೂ ಮನೆಯಲ್ಲಿ ಮಕ್ಕಳೊಂದಿಗೆ ಓದಿರಿ. ಅರಬರ ನಾಡಿನಲ್ಲಿ ಇದು ಕಣ್ಣೆದುರಿನ ಸಂಗತಿ.

ಉತ್ತರ ಸೌದಿ, ಕುವೈತ್, ಇರಾಕ್‌ಗಳ ಮರಳುಗಾಡಿನಲ್ಲಿ ‘ಖುಝಾಮಾ’ ಎಂಬ ಕಾಡುಹೂವಿದೆ. ಸಾಸಿವೆಯ ಕುಲದ ಪುಟ್ಟ ಗಿಡ, ನಾಲ್ಕು ಎಸಳಿನ ತಿಳಿನೇರಳೆ ಹೂವು, ನವಿರಾದ ಪರಿಮಳ. ಚಳಿಗಾಲದ ಮಳೆ ಸಕಾಲದಲ್ಲಿ ಬಿದ್ದರೆ ಚಿಗುರುತ್ತದೆ, ವಸಂತದಲ್ಲಿ ಅರಳುತ್ತದೆ, ಬಿಸಿಲೇರುವ ಮುನ್ನ ಬೀಜ ಉದುರಿಸಿ ಒಣಗಿಹೋಗುತ್ತದೆ. ವಸಂತದ ಮರಳುಗಾಡಿನ ಈ ಬಣ್ಣವನ್ನೇ ಸೌದಿ ಅರೇಬಿಯಾ 2021ರಲ್ಲಿ ತನ್ನ ಸ್ವಾಗತ ಸಮಾರಂಭಗಳ ಕೆಂಪು ಹಾಸಿಗೆ ಬದಲಾಗಿ ಆರಿಸಿಕೊಂಡಿತು.

ಮಳೆ ಬಾರದ ವರ್ಷ ಅಲ್ಲಿ ಏನೂ ಕಾಣದು. ಆದರೆ ಆ ನೆಲ ಬರಿದಲ್ಲ. ಮರುಭೂಮಿಯ ಇಂತಹ ಗಿಡಗಳ ಬೀಜಗಳೆಲ್ಲ ಒಂದೇ ಮಳೆಗೆ ಮೊಳೆಯುವುದಿಲ್ಲ. ಒಂದು ಪಾಲು ಮೊಳೆತರೆ ಇನ್ನೊಂದು ಪಾಲು ಮಣ್ಣಿನಲ್ಲೇ ಮಲಗಿ ಮುಂದಿನ ಮಳೆಗೆ ಕಾಯುತ್ತದೆ. ಈ ವರ್ಷ ಮೊಳೆತವು ಬರದಲ್ಲಿ ಸತ್ತರೂ ಸಂತತಿ ಉಳಿಯುತ್ತದೆ. ಅಲ್ಲಾಹನ ಏರ್ಪಾಡು ಎಷ್ಟು ಸೂಕ್ಷ್ಮ!

ಬರವನ್ನು ತಾಳಿಕೊಳ್ಳುವ ಈ ಹೂವು ನಮ್ಮ ಚಕ್ರಗಳನ್ನು ತಾಳದು. ಬೀಜ ಕಟ್ಟುವ ಮೊದಲೇ ಜಾನುವಾರುಗಳು ಮೇಯ್ದುಬಿಟ್ಟರೆ, ಮೋಜಿನ ಗಾಡಿಗಳು ಮಣ್ಣನ್ನು ತುಳಿದು ಗಟ್ಟಿ ಮಾಡಿದರೆ, ಮಣ್ಣಿಗೆ ಹೊಸ ಬೀಜ ಸೇರುವುದಿಲ್ಲ. ಆ ನಷ್ಟ ಅಂದೇ ಕಾಣುವುದಿಲ್ಲ. ಒಳ್ಳೆಯ ಮಳೆ ಬಂದ ವರ್ಷವೂ ಹೂವು ಬಾರದಿದ್ದಾಗ ಕಾಣುತ್ತದೆ.

ಪ್ರವಾದಿ(ಸ)ರವರು ಮದೀನಾ ಸಮೀಪದ ನಖೀಅ್ ಎಂಬ ಹುಲ್ಲುಗಾವಲನ್ನು ‘ಹಿಮಾ’, ಅಂದರೆ ಕಾಯ್ದಿಟ್ಟ ಭೂಮಿಯೆಂದು ಘೋಷಿಸಿದ್ದರು. ಉಮರ್(ರ)ರವರು ರಬಝಾ ಪ್ರದೇಶವನ್ನೂ ಹಾಗೆ ಕಾಯ್ದಿಟ್ಟರು. ಭೂಮಿಯ ಬಳಕೆಗೆ ಮಿತಿಯಿದೆ ಎಂಬುದು ನಮಗೆ ಹೊಸ ಪಾಠವಲ್ಲ.

ಸಹೋದರರೇ, ನಮ್ಮ ಅನೇಕ ಮನೆಗಳ ಮಕ್ಕಳು ಗಲ್ಫ್‌ನಲ್ಲಿ ದುಡಿಯುತ್ತಿದ್ದಾರೆ. ರಜೆಯಲ್ಲಿ ಗೆಳೆಯರೊಂದಿಗೆ ಮರಳುಗಾಡಿಗೆ ಹೋಗುತ್ತಾರೆ. ಮುಂದಿನ ಬಾರಿ ಫೋನ್ ಮಾಡಿದಾಗ ಅವರಿಗೆ ಹೇಳೋಣ: ಇರುವ ದಾರಿಯಲ್ಲೇ ಗಾಡಿ ಓಡಿಸಿ, ಹೂವನ್ನು ಬೇರುಸಹಿತ ಕೀಳಬೇಡಿ, ಕಸವನ್ನು ಮರಳಿ ತನ್ನಿ. ಖಾಲಿಯೆಂದು ಕಾಣುವ ಆ ನೆಲದಲ್ಲಿ ಅಲ್ಲಾಹನು ಅಮಾನತು ಇಟ್ಟಿದ್ದಾನೆ.

ಅವನ ನಿದರ್ಶನಗಳನ್ನು ಕಾಣುವ ಕಣ್ಣನ್ನೂ ಕಾಪಾಡುವ ಮನಸ್ಸನ್ನೂ ಅವನು ನಮಗೆ ಅನುಗ್ರಹಿಸಲಿ. ಆಮೀನ್.