ಲೆಕ್ಕಕ್ಕೆ ಮೊದಲು ಓದು

ಮಕ್ಕಳ ಗಣಿತ ಮೇಳದ ಉದ್ಘಾಟನೆಯಲ್ಲಿ ಅಂಕಿಗಳಿಗಿಂತ ಮೊದಲು ಭಾಷೆಯ ಮಾತೆತ್ತುವುದು ಸಭಿಕರಿಗೆ ವಿಚಿತ್ರವೆನಿಸಬಹುದಾದರೂ, ವಾಕ್ಯರೂಪದ ಲೆಕ್ಕದಲ್ಲಿ, ಎಂದರೆ ಸನ್ನಿವೇಶವೊಂದನ್ನು ಮಾತಿನಲ್ಲಿ ವಿವರಿಸಿ ಉತ್ತರ ಕೇಳುವ ಲೆಕ್ಕದಲ್ಲಿ, ಮಕ್ಕಳು ಅನೇಕ ವೇಳೆ ಎಡವುವುದು ಕೂಡುವ ಕಳೆಯುವ ಹಂತಕ್ಕೆ ಬರುವ ಮುನ್ನವೇ. ‘ಗೌರಿಯ ಬಳಿ 12 ಗೋಲಿಗಳಿವೆ, ಅವು ರವಿಯ ಬಳಿ ಇರುವುದಕ್ಕಿಂತ 5 ಹೆಚ್ಚು, ರವಿಯ ಬಳಿ ಎಷ್ಟಿವೆ?’ ಎಂಬ ಪ್ರಶ್ನೆಗೆ 17 ಎಂದು ಬರೆಯುವ ಮಗುವಿಗೆ ಸಂಕಲನ ಚೆನ್ನಾಗಿಯೇ ಬರುತ್ತದೆ. ಯಾರನ್ನು ಯಾರೊಂದಿಗೆ ಹೋಲಿಸಲಾಗಿದೆ ಎಂಬುದಷ್ಟೇ ತಲೆಕೆಳಗಾಗಿದೆ. ‘ಹೆಚ್ಚು’ ಕಂಡರೆ ಕೂಡು, ‘ಉಳಿದದ್ದು’ ಕಂಡರೆ ಕಳೆ ಎಂದು ಕಲಿಸುವ ಸುಲಭೋಪಾಯ ಪರೀಕ್ಷೆಯ ಅವಸರಕ್ಕೆ ಒದಗೀತು, ಆದರೆ ಅದು ಮಗುವಿಗೆ ವಾಕ್ಯವನ್ನು ಪೂರ್ತಿ ಓದದಿರುವುದನ್ನೇ ಕಲಿಸುತ್ತದೆ. ಮಾತು ಸೂಚಿಸುವ ಕ್ರಿಯೆ ಒಂದು, ಮಾಡಬೇಕಾದ ಕ್ರಿಯೆ ಇನ್ನೊಂದು ಆದಾಗ ಕಾಲೇಜು ವಿದ್ಯಾರ್ಥಿಗಳೂ ಹೆಚ್ಚು ತಪ್ಪುತ್ತಾರೆಂದು ಸಂಶೋಧಕರಾದ ಲೂಯಿಸ್ ಮತ್ತು ಮೇಯರ್ 1987ರಲ್ಲಿ ತೋರಿಸಿದ್ದಾರೆ. ಗೋಲಿಗಳ ಆ ಸಂಗತಿಯನ್ನೇ ‘ರವಿಯ ಬಳಿ ಗೌರಿಗಿಂತ 5 ಗೋಲಿ ಕಡಿಮೆ’ ಎಂದು ತಿರುಗಿಸಿ ಹೇಳಬಲ್ಲ ಮಗುವಿಗೆ ಉಳಿಯುವುದು ಬರಿಯ ವ್ಯವಕಲನ.

ಓದಿದ್ದು ಅರ್ಥವಾದರೂ ಸಾಲದು, ಪ್ರಶ್ನೆಗೆ ಅರ್ಥವಿದೆಯೇ ಎಂದು ತೂಗುವ ತರ್ಕವೂ ಬೇಕು. 1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ, ಹಡಗಿನಲ್ಲಿ 26 ಕುರಿ, 10 ಆಡುಗಳಿದ್ದರೆ ಕಪ್ತಾನನ ವಯಸ್ಸೆಷ್ಟು ಎಂದು ಕೇಳಿದಾಗ ಹೆಚ್ಚಿನ ಮಕ್ಕಳು ಅಂಕಿಗಳನ್ನು ಹೇಗೋ ಸೇರಿಸಿ ಉತ್ತರ ಕೊಟ್ಟೇಬಿಟ್ಟರು. ಇದು ದಡ್ಡತನವಲ್ಲ, ಪಾಠದಲ್ಲಿ ಬಂದ ಪ್ರಶ್ನೆಗೆ ಉತ್ತರ ಇದ್ದೇ ಇರುತ್ತದೆಂಬ, ಶಾಲೆಯೇ ಬೆಳೆಸಿದ ನಂಬಿಕೆ.

ಲೆಕ್ಕವನ್ನು ಮಾತಿನಲ್ಲಿ ಹೆಣೆಯುವ ಪರಂಪರೆ ಈ ನಾಡಿಗೆ ಹೊಸದಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನ ಸಂಸ್ಕೃತ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಉದಾಹರಣೆಗಳು ತುಂಬಿವೆ; 12ನೇ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಅಂದಮೇಲೆ ಗಣಿತದ ಅವಧಿಯಲ್ಲಿ ಕನ್ನಡ ವಾಕ್ಯವೊಂದನ್ನು ಬಿಡಿಸಿ ನೋಡಲು ಕಾಲು ಗಂಟೆ ಕಳೆದರೆ ಪಠ್ಯ ಹಿಂದೆ ಬಿದ್ದೀತೆಂದು ಅಂಜಬೇಕಾಗಿಲ್ಲ.

ಮಳಿಗೆಗಳಲ್ಲಿ ತೂಗುವ, ಅಳೆಯುವ, ಚಿಲ್ಲರೆ ಎಣಿಸುವ ಮಕ್ಕಳು ತಮ್ಮ ವ್ಯಾಪಾರವನ್ನೇ ಒಂದು ಲೆಕ್ಕವಾಗಿ ಬರೆದು ಪಕ್ಕದ ಮಳಿಗೆಯವರಿಗೆ ಬಿಡಿಸಲು ಕೊಡುವುದು ಈ ಮೇಳದ ಮುಖ್ಯ ಏರ್ಪಾಡು. ಪ್ರಶ್ನೆ ಅಸ್ಪಷ್ಟವಾಗಿದ್ದರೆ ಬಿಡಿಸುವವರು ಕಾರಣ ಹೇಳಿ ಅದನ್ನು ಹಿಂದಿರುಗಿಸಬಹುದು. ಮೇಳವು ಈಗ ಆರಂಭಗೊಂಡಿದೆಯೆಂದು ಘೋಷಿಸಲಾಗುತ್ತಿದೆ.